ಸ್ವೀಡನ್ನಿನಲ್ಲಿ ಯಾವ ಕೆಲಸಕ್ಕೆ ಯಾವ ಬಾಗಿಲು?

ನಾನು ಸ್ವೀಡನ್ನಿನ ಒಂದು ಕೊಮ್ಯೂನಿನಲ್ಲಿ, ಅಂದರೆ ಸ್ಥಳೀಯ ಆಡಳಿತದಲ್ಲಿ, ಕೆಲಸ ಮಾಡುತ್ತೇನೆ. ವಯಸ್ಸಾದವರಿಗೆ ಮನೆಯಲ್ಲಿ ಎಷ್ಟು ಸಹಾಯ ಬೇಕು ಅಂತ ನೋಡಿ ತೀರ್ಮಾನ ಮಾಡುವುದು ನನ್ನ ಕೆಲಸ. ಇಲ್ಲಿಗೆ ಹೊಸದಾಗಿ ಬಂದ ಕನ್ನಡದವರು ಏನಾದರೂ ತಕರಾರು ಇದ್ದರೆ ಮೊದಲು ಕೇಳುವುದು ಒಂದೇ: "ಇದರ ಮೇಲಿನ ಆಫೀಸು ಯಾವುದು?"

ಹಾಗೆ ಕೇಳುವುದು ಸಹಜ. ಗ್ರಾಮ, ತಾಲ್ಲೂಕು, ಜಿಲ್ಲೆ ಅಂತ ಮೆಟ್ಟಿಲು ಹತ್ತಿ ನಮಗೆ ಅಭ್ಯಾಸ ಅಲ್ವಾ? ಇಲ್ಲಿ 290 ಕೊಮ್ಯೂನ್‌ಗಳಿವೆ, 21 ರೀಜನ್‌ಗಳಿವೆ. ರೀಜನ್ ಅಂದರೆ ಜಿಲ್ಲೆ ಮಟ್ಟದ ಚುನಾಯಿತ ಆಡಳಿತ. ಅದು ದೊಡ್ಡದು, ಆದರೆ ಕೊಮ್ಯೂನಿನ ಮೇಲಧಿಕಾರಿ ಅಲ್ಲ. ಎರಡೂ ಸಮ, ಕೆಲಸ ಮಾತ್ರ ಬೇರೆ ಬೇರೆ. ಶಾಲೆ, ಶಿಶುವಿಹಾರ, ವೃದ್ಧರ ಆರೈಕೆ, ನೀರು, ಕಸ, ಎಲ್ಲಿ ಏನು ಕಟ್ಟಬಹುದು ಅನ್ನುವುದು ಕೊಮ್ಯೂನಿಗೆ ಸೇರಿದ್ದು. ಆಸ್ಪತ್ರೆ, ಆರೋಗ್ಯ ಕೇಂದ್ರ ರೀಜನ್ನಿನದು. ಬಸ್ಸೂ ಹೆಚ್ಚಿನ ಕಡೆ ಅವರದೇ.

ಒಬ್ಬ ಅಜ್ಜಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು ಅನ್ನಿ. ಆಪರೇಷನ್ ರೀಜನ್ನಿನ ಆಸ್ಪತ್ರೆಯಲ್ಲಿ. ಅವರು ಮನೆಗೆ ಹೋಗಬಹುದು ಅಂತ ಡಾಕ್ಟರ್ ಬರೆದ ತಕ್ಷಣ ನಮಗೆ ಸೂಚನೆ ಬರುತ್ತದೆ. ಬೆಳಿಗ್ಗೆ ಎಬ್ಬಿಸಿ ಸ್ನಾನ ಮಾಡಿಸೋಕೆ ಯಾರು, ಊಟಕ್ಕೆ ಏನು, ರಾತ್ರಿ ಎದ್ದರೆ ಯಾರನ್ನು ಕರೆಯಬೇಕು, ಇದೆಲ್ಲ ನಮ್ಮ ಹೊಣೆ. ನಾವು ತಡಮಾಡಿ ಅಜ್ಜಿ ಆಸ್ಪತ್ರೆಯಲ್ಲೇ ಉಳಿದರೆ, ಕೆಲವೇ ದಿನಗಳ ನಂತರ ಆ ಹಾಸಿಗೆಯ ಖರ್ಚನ್ನು ಕೊಮ್ಯೂನ್ ರೀಜನ್ನಿಗೆ ಕಟ್ಟಬೇಕು. 1992ರ ಸುಧಾರಣೆಯಲ್ಲಿ ವೃದ್ಧರ ಆರೈಕೆಯನ್ನು ಕೊಮ್ಯೂನಿಗೆ ಒಪ್ಪಿಸಿದಾಗಲೇ ಇಂಥ ಹೊಣೆ ಬಂತು, ಯಾಕಂದರೆ ಅದಕ್ಕೂ ಮೊದಲು ಚಿಕಿತ್ಸೆ ಮುಗಿದವರೂ ಹೋಗಲು ಜಾಗವಿಲ್ಲದೆ ವಾರ್ಡುಗಳಲ್ಲೇ ಇರುತ್ತಿದ್ದರು. ಮನೆಗೆ ಬಂದ ಮೇಲೂ ಡಾಕ್ಟರ್ ಮಾತ್ರ ರೀಜನ್ನಿನವರೇ. ಎರಡು ಕಡೆಯವರು ಸರಿಯಾಗಿ ಮಾತಾಡಿಕೊಳ್ಳದಿದ್ದರೆ ಪೆಟ್ಟು ಬೀಳುವುದು ಅಜ್ಜಿಗೆ. ನನ್ನ ದಿನದ ಬಹುಪಾಲು ಹೋಗುವುದು ಈ ಮಾತುಕತೆಗೇ.

ನನ್ನ ತೀರ್ಮಾನ ನಿಮಗೆ ಒಪ್ಪಿಗೆ ಆಗಲಿಲ್ಲವಾ? ರೀಜನ್ನಿಗೆ ಹೋಗಿ ಪ್ರಯೋಜನ ಇಲ್ಲ. ಅದನ್ನು ಕೇಳುವುದು ಆಡಳಿತ ನ್ಯಾಯಾಲಯ. ಮೇಲ್ಮನವಿಯನ್ನು ಮಾತ್ರ ನಮ್ಮ ಆಫೀಸಿಗೇ ಕೊಡಬೇಕು, ನ್ಯಾಯಾಲಯಕ್ಕೆ ಕಳಿಸುವುದು ನಮ್ಮ ಕೆಲಸ. ಸುಮ್ನೆ ಕೋಪ ಮಾಡಿಕೊಂಡು ಹೋಗಬೇಡಿ, ಬರೆದು ಕೊಡಿ.

ಲೆನ್ಸ್‌ಸ್ಟ್ಯೂರೆಲ್ಸೆ ಅಂತ ಇನ್ನೊಂದಿದೆ. ರೀಜನ್ನಿನ ಗಡಿಯೂ ಇದರ ಗಡಿಯೂ ಒಂದೇ ಆದ್ದರಿಂದ ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಇದು ಕೇಂದ್ರ ಸರ್ಕಾರದ ಕೈ, ಇದರ ಮುಖ್ಯಸ್ಥರನ್ನು ಸರ್ಕಾರವೇ ನೇಮಿಸುತ್ತದೆ. ನಮ್ಮ ಡಿಸಿ ಆಫೀಸು ನೆನಪಾದರೆ ತಪ್ಪಿಲ್ಲ.

ದುಡ್ಡಿನ ವಿಷಯ ನನಗೆ ತುಂಬಾ ಮುಖ್ಯ. ಇಲ್ಲಿ ಕೊಮ್ಯೂನ್ ಮತ್ತು ರೀಜನ್ ತಾವೇ ಆದಾಯ ತೆರಿಗೆಯ ದರ ನಿಗದಿ ಮಾಡುತ್ತವೆ. ಎರಡೂ ಸೇರಿ ಸರಾಸರಿ ಸುಮಾರು 32 ಪರ್ಸೆಂಟ್. ಸಂಬಳದ ಮೇಲೆ ಕೇಂದ್ರದ ತೆರಿಗೆ ಬೀಳುವುದು ಜಾಸ್ತಿ ದುಡಿಯುವವರಿಗೆ ಮಾತ್ರ. ಬ್ಯೂರ್‌ಹೋಲ್ಮ್ ಅನ್ನುವ ಕೊಮ್ಯೂನಿನಲ್ಲಿ ಎರಡೂವರೆ ಸಾವಿರ ಜನರೂ ಇಲ್ಲ, ಆದರೂ ಶಾಲೆ ಮತ್ತು ವೃದ್ಧರ ಆರೈಕೆಯಲ್ಲಿ ಸ್ಟಾಕ್‌ಹೋಮಿಗೆ ಇರುವ ಹೊಣೆಯೇ ಅದಕ್ಕೂ ಇದೆ. ಅದು ಸಾಧ್ಯವಾಗುವುದು ಉಳ್ಳವರಿಂದ ಇಲ್ಲದವರಿಗೆ ಹಣ ಹಂಚುವ ಸಮೀಕರಣ ಪದ್ಧತಿಯಿಂದ.

ನಾಗರಿಕತ್ವ ಇಲ್ಲದಿದ್ದರೂ ಮೂರು ವರ್ಷ ಸತತವಾಗಿ ಇಲ್ಲಿ ನೋಂದಾಯಿತರಾಗಿದ್ದು, 18 ತುಂಬಿದ್ದರೆ ನಿಮಗೆ ಓಟಿದೆ. ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಸೆಪ್ಟೆಂಬರಿನ ಎರಡನೇ ಭಾನುವಾರ. ಬಿಳಿ ಚೀಟಿ ಕೊಮ್ಯೂನಿಗೆ, ನೀಲಿ ರೀಜನ್ನಿಗೆ. ಹಳದಿ ಸಂಸತ್ತಿನದು, ಅದು ನಾಗರಿಕರಿಗೆ ಮಾತ್ರ. ಅಂಚೆಯಲ್ಲಿ ಬರುವ ಮತದಾರರ ಕಾರ್ಡನ್ನು ಜಾಹೀರಾತಿನ ಕಾಗದಗಳ ಜೊತೆ ಎಸೆಯಬೇಡಿ.