ಸಂಯೋಜಕ ಅಂಗಾಂಶ: ಜೀವಕೋಶಗಳ ನಡುವೆ ಏನಿದೆ?

ಶಾಲೆಯ ವಿಜ್ಞಾನ ಪುಸ್ತಕದಲ್ಲಿ ರಕ್ತ, ಮೂಳೆ, ಕೊಬ್ಬು ಮೂರೂ ಒಂದೇ ಗುಂಪಿಗೆ ಸೇರುತ್ತವೆ. ಆ ಗುಂಪಿನ ಹೆಸರು ಸಂಯೋಜಕ ಅಂಗಾಂಶ. ಹರಿಯುವ ರಕ್ತಕ್ಕೂ ಗಟ್ಟಿ ಮೂಳೆಗೂ ಎಲ್ಲಿಯ ನಂಟು ಎಂದು ಮಕ್ಕಳಿಗೆ ಅನ್ನಿಸುವುದು ಸಹಜ. ‘ಸಂಯೋಜಕ’ ಎಂದರೆ ಜೋಡಿಸುವಂಥದ್ದು. ಆದರೆ ಆ ಅರ್ಥವೊಂದನ್ನೇ ಹಿಡಿದು ಹೊರಟರೆ ರಕ್ತದ ಹತ್ತಿರ ಬಂದಾಗ ದಾರಿ ತಪ್ಪುತ್ತದೆ.

ನಂಟು ಇರುವುದು ಜೀವಕೋಶಗಳ ನಡುವಿನ ಜಾಗದಲ್ಲಿ. ಚರ್ಮದ ಮೇಲ್ಪದರದಲ್ಲಿ ಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ. ಸಂಯೋಜಕ ಅಂಗಾಂಶದಲ್ಲಿ ಹೆಚ್ಚಾಗಿ ಅವು ದೂರ ದೂರ, ನಡುವೆ ತುಂಬಿರುವುದು ಮಾತೃಕೆ. ಮಾತೃಕೆ ದ್ರವವಾಗಿದ್ದರೆ ಅದು ರಕ್ತ. ಬಿಗಿಯಾಗಿ, ಬಾಗುವಂತಿದ್ದರೆ ಮೃದ್ವಸ್ಥಿ. ಕ್ಯಾಲ್ಸಿಯಂ ಫಾಸ್ಫೇಟ್ ಸೇರಿ ಗಡುಸಾದರೆ ಮೂಳೆ. ಕೊಬ್ಬಿನ ಅಂಗಾಂಶ ಮಾತ್ರ ಇದಕ್ಕೆ ಹೊರತು: ಅಲ್ಲಿ ಕೋಶಗಳೇ ಉಬ್ಬಿ ಜಾಗ ತುಂಬಿ, ಶಕ್ತಿಯನ್ನು ಕೂಡಿಡುತ್ತವೆ, ಮೈಯ ಬಿಸಿ ಕಾಯುತ್ತವೆ.

ಮಾತೃಕೆಗೆ ಬಲ ಕೊಡುವುದು ಮುಖ್ಯವಾಗಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು. ನಮ್ಮ ದೇಹದ ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದು ಪಾಲು ಇದೇ. ಕಾಲು ಸೂಪ್ ಮಾಡುವ ಮನೆಯವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಉಳಿದ ಸೂಪನ್ನು ರಾತ್ರಿ ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಜೆಲ್ಲಿಯ ಹಾಗೆ ನಡುಗುತ್ತಿರುತ್ತದೆ. ಗಂಟೆಗಟ್ಟಲೆ ಕುದಿದು ಬಿಡಿಬಿಡಿಯಾದ ಕೊಲಾಜನ್ ಅದು. ಕೋಳಿಯ ಕಾಲಿನ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ನೆನೆಸಿಡಿ. ಖನಿಜವೆಲ್ಲ ಕರಗಿ, ಮೂಳೆ ರಬ್ಬರಿನಂತೆ ಬಾಗುತ್ತದೆ. ಉಳಿದಿರುವುದು ಕೊಲಾಜನ್. ಮಕ್ಕಳಿದ್ದರೆ ಈ ಪ್ರಯೋಗವನ್ನು ಖಂಡಿತ ಮಾಡಿಸಬೇಕು.

ಕಾಲು ಉಳುಕಿದರೆ ನಾವು ‘ನರ ಎಳೆದಿದೆ’ ಅನ್ನುತ್ತೇವೆ. ಸಾಮಾನ್ಯವಾಗಿ ಅಲ್ಲಿ ಪೆಟ್ಟಾಗಿರುವುದು ನರಕ್ಕಲ್ಲ, ಮೂಳೆಗೆ ಮೂಳೆಯನ್ನು ಕಟ್ಟಿರುವ ಅಸ್ಥಿರಜ್ಜುವಿಗೆ. ಸ್ನಾಯುವನ್ನು ಮೂಳೆಗೆ ಕಟ್ಟುವುದು ಸ್ನಾಯುರಜ್ಜು. ಹಿಮ್ಮಡಿಯ ಮೇಲೆ ಬೆರಳಿಟ್ಟು ಹಿಸುಕಿದರೆ ಹಗ್ಗದಂತೆ ಬಿಗಿಯಾಗಿ ಸಿಗುತ್ತದಲ್ಲ, ಅದೇ. ಎರಡಕ್ಕೂ ರಕ್ತ ಪೂರೈಕೆ ಕಡಿಮೆ, ಹಾಗಾಗಿ ವಾಸಿಯಾಗಲು ವಾರಗಟ್ಟಲೆ ಬೇಕು. ಮೃದ್ವಸ್ಥಿಯಲ್ಲಿ ರಕ್ತನಾಳಗಳೇ ಇಲ್ಲ. ಮಂಡಿಯೊಳಗೆ ಅದು ಸವೆದರೆ ಮತ್ತೆ ಮೊದಲಿನಂತಾಗದಿರುವುದಕ್ಕೆ ಇದೊಂದು ದೊಡ್ಡ ಕಾರಣ. ಕಿವಿಯನ್ನು ಮಡಚಿ ಬಿಟ್ಟರೆ ತಟ್ಟನೆ ಮೊದಲಿನ ಆಕಾರಕ್ಕೆ ಬರುವುದು ಅಲ್ಲಿನ ಮೃದ್ವಸ್ಥಿಯಲ್ಲಿ ಹಿಗ್ಗಿ ಕುಗ್ಗುವ ಇಲಾಸ್ಟಿನ್ ಎಳೆಗಳು ಹೆಚ್ಚಿರುವುದರಿಂದ.

ಕೊಲಾಜನ್ ಕೆಟ್ಟರೆ ಏನಾಗುತ್ತದೆಂದು ಹಿಂದಿನ ಕಾಲದ ಹಡಗಿನವರಿಗೆ ಚೆನ್ನಾಗಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ ಅಷ್ಟೆ. ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿ ಇಲ್ಲದೆ ಒಸಡಿನಿಂದ ರಕ್ತ ಸೋರುತ್ತಿತ್ತು, ಹಲ್ಲು ಅಲುಗುತ್ತಿತ್ತು. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಹನ್ನೆರಡು ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದು ಜೋಡಿಗೆ ಕಿತ್ತಳೆ, ನಿಂಬೆ ಕೊಟ್ಟು ನೋಡಿದರು. ಬೇಗ ಚೇತರಿಸಿಕೊಂಡವರು ಅವರೇ. ನಮ್ಮ ನೆಲ್ಲಿಕಾಯಿಯಲ್ಲೂ ಧಾರಾಳವಾಗಿರುವ ವಿಟಮಿನ್ ಸಿ ಇಲ್ಲದಿದ್ದರೆ ಕೊಲಾಜನ್ ಎಳೆಗಳು ಬಿಗಿಯಾಗಿ ಹೆಣೆದುಕೊಳ್ಳುವುದಿಲ್ಲ. ಆ ನಾವಿಕರಲ್ಲಿ ಎಂದೋ ಮಾಯ್ದ ಗಾಯಗಳೂ ಮತ್ತೆ ಬಾಯಿಬಿಡುತ್ತಿದ್ದವು. ಗಾಯದ ಕಲೆಯಲ್ಲಿರುವ ಕೊಲಾಜನ್ ಕೂಡ ನಿರಂತರವಾಗಿ ಕಳಚುತ್ತ, ಹೊಸದಾಗಿ ಕಟ್ಟಿಕೊಳ್ಳುತ್ತಲೇ ಇರಬೇಕು.