ಹತ್ತು ಸೆಂಟಿಮೀಟರಿನ ಕಕ್ಷೆಯಲ್ಲಿ ಅರ್ಧ ಮಿಲಿಮೀಟರು

ವಿಜ್ಞಾನ ಮೇಳಕ್ಕೆ ಸೌರವ್ಯೂಹದ ಮಾದರಿ ಮಾಡಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ದಯವಿಟ್ಟು ಭೂಮಿಯ ಕಕ್ಷೆಯನ್ನು ಅಷ್ಟು ಎಳೆದು ಉದ್ದ ಮಾಡಬೇಡಿ. ಥರ್ಮಾಕೋಲ್ ಹಲಗೆಗೆ ಎರಡು ಗುಂಡುಸೂಜಿ ಚುಚ್ಚಿ, ದಾರದ ಕುಣಿಕೆ ಹಾಕಿ, ಪೆನ್ಸಿಲ್ ಸುತ್ತಿಸಿ ದೀರ್ಘವೃತ್ತ ಬರೆಸುತ್ತೀರಿ. ವಿಧಾನವೇನೋ ಸರಿ. ಆದರೆ ಸೂಜಿಗಳು ಹತ್ತಿರವಿದ್ದರೆ ‘ವೃತ್ತದ ಹಾಗೇ ಕಾಣುತ್ತೆ’ ಎಂದು ಅವನ್ನು ಗೇಣುದೂರ ಸರಿಸಿಬಿಡುತ್ತೀರಿ. ಅಲ್ಲಿಗೆ, ಗ್ರಹಗಳ ಕಕ್ಷೆ ದೀರ್ಘವೃತ್ತ ಎಂದು ಕಂಡುಹಿಡಿದ ಕೆಪ್ಲರ್ ಕೆಟ್ಟ. ಅದು ವೃತ್ತದ ಹಾಗೇ ಕಾಣಬೇಕು ಸ್ವಾಮಿ!

ಎಳೆದ ಕಕ್ಷೆಯನ್ನು ನೋಡಿದ ಮಗು ಸೂರ್ಯನ ಹತ್ತಿರ ಹೋದಾಗ ಬೇಸಿಗೆ, ದೂರ ಹೋದಾಗ ಚಳಿಗಾಲ ಎಂದು ತಾನೇ ತೀರ್ಮಾನಿಸುತ್ತದೆ. ಮಗುವಿನ ತಪ್ಪೇನಿಲ್ಲ, ಚಿತ್ರ ಹಾಗೇ ಹೇಳುತ್ತಿದೆ. ನಿಜಕ್ಕೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಮೊದಲ ವಾರದಲ್ಲಿ, ನಾವು ಸ್ವೆಟರ್ ಹಾಕಿಕೊಂಡಿರುವಾಗ: 14.71 ಕೋಟಿ ಕಿ.ಮೀ. ಜುಲೈ ಮೊದಲ ವಾರದಲ್ಲಿ 15.21 ಕೋಟಿ. ವ್ಯತ್ಯಾಸ ನೂರಕ್ಕೆ ಮೂರೂವರೆಗೂ ಕಡಿಮೆ. ಋತುಗಳ ಮೂಲ ಭೂಮಿಯ ಓರೆ, ಅದನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ.

ಈಗ ಅಳತೆಗೆ ಬರೋಣ. ದೀರ್ಘವೃತ್ತದ ಉದ್ದನೆಯ ಅಕ್ಷದ ಅರ್ಧವನ್ನು 10 ಸೆಂ.ಮೀ. ಎಂದಿಟ್ಟುಕೊಳ್ಳಿ. ಮಂಗಳನ ಉತ್ಕೇಂದ್ರತೆ (ನಾಭಿ, ಅಂದರೆ ಸೂಜಿ ಚುಚ್ಚುವ ಬಿಂದು, ನಡುಬಿಂದುವಿನಿಂದ ಎಷ್ಟು ಸರಿದಿದೆ ಎಂಬುದನ್ನು ಆ ಅರ್ಧ ಅಕ್ಷದ ಪಾಲಾಗಿ ಹೇಳುವ ಸಂಖ್ಯೆ) 0.093. ಸೂರ್ಯ ಕೂರುವ ನಾಭಿ ನಡುಬಿಂದುವಿನಿಂದ 9.3 ಮಿ.ಮೀ. ಪಕ್ಕಕ್ಕೆ ಬರುತ್ತದೆ. ಎರಡು ಸೂಜಿಗಳ ಅಂತರ 18.7 ಮಿ.ಮೀ., ಕುಣಿಕೆಯ ಒಟ್ಟು ಉದ್ದ 21.9 ಸೆಂ.ಮೀ. ಹಾಗೆ ಬರೆದ ಆಕೃತಿಯಲ್ಲಿ ಗಿಡ್ಡ ಅಕ್ಷದ ಅರ್ಧ ಎಷ್ಟು? 9.956 ಸೆಂ.ಮೀ. ಅಂದರೆ ವೃತ್ತಕ್ಕಿಂತ ಅರ್ಧ ಮಿಲಿಮೀಟರಿನಷ್ಟೂ ಚಪ್ಪಟೆಯಾಗಿಲ್ಲ. ಪೆನ್ಸಿಲ್ ಗೆರೆಯ ದಪ್ಪವೇ ಅಷ್ಟಿರುತ್ತದೆ. ಹೊಲಿಗೆ ದಾರ ಬಿಗಿ ಹಿಡಿದಾಗ ಇಷ್ಟೇ ಇಷ್ಟು ಹಿಗ್ಗಿದರೂ, ಗಂಟು ಸೂಜಿಗೆ ತಾಕಿ ಜರುಗಿದರೂ, ಪೆನ್ಸಿಲ್ ಸ್ವಲ್ಪ ವಾಲಿದರೂ ನಿಮ್ಮ ತಪ್ಪು ಮಂಗಳನ ಚಪ್ಪಟೆಯನ್ನು ನುಂಗಿಹಾಕುತ್ತದೆ. ಆದ್ದರಿಂದ ದಾರ ಬಿಟ್ಟುಬಿಡಿ. ಕೈವಾರದಲ್ಲಿ 10 ಸೆಂ.ಮೀ. ತ್ರಿಜ್ಯದ ವೃತ್ತ ಎಳೆದು, ನಡುಬಿಂದುವಿನಿಂದ 9.3 ಮಿ.ಮೀ. ಪಕ್ಕಕ್ಕೆ ಸೂರ್ಯನನ್ನು ಗುರುತಿಸಿ. ಮಂಗಳನ ಕಕ್ಷೆ ಅದೇ. ಭೂಮಿಯದಾದರೆ ಸೂರ್ಯನನ್ನು 1.7 ಮಿ.ಮೀ. ಸರಿಸಿದರೆ ಮುಗಿಯಿತು, ಚಪ್ಪಟೆ ಮಿಲಿಮೀಟರಿನ ನೂರರಲ್ಲಿ ಒಂದೂವರೆ ಪಾಲು. ಗೋಡೆಯ ಚಿತ್ರಕ್ಕೆ ಇಷ್ಟು ಸಾಕು. ಗ್ರಹದ ಸ್ಥಾನ ಲೆಕ್ಕ ಹಾಕಲು ಸಾಲದು, ಅದು ಬೇರೆ ಮಾತು.

ಯಾಕೆ ಹೀಗೆ? ಸೂರ್ಯ ಪಕ್ಕಕ್ಕೆ ಸರಿಯುವುದು ಉತ್ಕೇಂದ್ರತೆಯಷ್ಟು. ಕಕ್ಷೆ ಚಪ್ಪಟೆಯಾಗುವುದು ಸರಿಸುಮಾರು ಅದರ ವರ್ಗದ ಅರ್ಧದಷ್ಟು. ಉತ್ಕೇಂದ್ರತೆ ಹತ್ತರಲ್ಲಿ ಒಂದಿದ್ದರೆ ಚಪ್ಪಟೆ ಇನ್ನೂರರಲ್ಲಿ ಒಂದು. ಸೂರ್ಯ ಎದ್ದು ಕಾಣುವಷ್ಟು ಸರಿದಿರುತ್ತಾನೆ, ಕಕ್ಷೆ ಗುಂಡಗೇ ಉಳಿದಿರುತ್ತದೆ. ಭೂಮಿಯನ್ನು ನಿಲ್ಲಿಸಿ ಲೆಕ್ಕ ಹಾಕುತ್ತಿದ್ದ ಹಳಬರಿಗೂ ಹೀಗೆ ಕೇಂದ್ರ ತಪ್ಪಿರುವುದು ಗೊತ್ತಿತ್ತು. ಗ್ರೀಕರ ಲೆಕ್ಕದಲ್ಲಿ ಕೇಂದ್ರ ತಪ್ಪಿದ ವೃತ್ತಗಳಿವೆ, ನಮ್ಮ ಸಿದ್ಧಾಂತ ಗ್ರಂಥಗಳ ಮಂದಫಲವೂ ಇದೇ ಏರುಪೇರನ್ನು ಸರಿದೂಗಿಸುವ ತಿದ್ದುಪಡಿ. ಕೆಪ್ಲರ್ ಹಿಡಿದದ್ದು ಉಳಿದ ಆ ಅರ್ಧ ಮಿಲಿಮೀಟರನ್ನು.

ಹಿಡಿದದ್ದು ಹೇಗೆ ಎಂಬುದನ್ನು ನಮ್ಮ ಪಠ್ಯಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ. 1600ರಲ್ಲಿ ಪ್ರಾಗ್ ಸಮೀಪದ ಬೆನಾಟ್ಕಿಯಲ್ಲಿ ಖಗೋಳ ವೀಕ್ಷಕ ಟೈಕೊ ಬ್ರಾಹೆಯ ಬಳಿ ಕೆಲಸಕ್ಕೆ ಸೇರಿದ ಕೆಪ್ಲರ್‌ಗೆ ಪಾಲಿಗೆ ಬಂದದ್ದು ಮಂಗಳ. ಇದು ಅದೃಷ್ಟವೇ. ಶುಕ್ರ ಸಿಕ್ಕಿದ್ದರೆ (ಉತ್ಕೇಂದ್ರತೆ 0.007) ಜನ್ಮವಿಡೀ ವೃತ್ತದಲ್ಲೇ ಸುತ್ತುತ್ತಿದ್ದರು. ಟೈಕೊ ದೂರದರ್ಶಕವಿಲ್ಲದೆ, ಬರಿಗಣ್ಣಿಗೆ ದೊಡ್ಡ ದೊಡ್ಡ ಕೋನಮಾಪಕಗಳನ್ನು ಜೋಡಿಸಿ ಅಳೆದವರು. ಒಳ್ಳೆಯ ಅಳತೆಗಳಲ್ಲಿ ತಪ್ಪು ಒಂದೆರಡು ಮಿನಿಟು ಕೋನ. ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗ ಒಂದು ಮಿನಿಟು. ಹುಣ್ಣಿಮೆಯ ಚಂದ್ರನ ಅಗಲ ಸುಮಾರು 30 ಮಿನಿಟು.

ಕೆಪ್ಲರ್ ಮೊದಲು ವೃತ್ತದಲ್ಲೇ ಪ್ರಯತ್ನಿಸಿದರು. ಮಂಗಳನ ದಿಕ್ಕು 2 ಮಿನಿಟಿನೊಳಗೆ ಕೂಡಿಬಂತು. ಆದರೆ ದೂರ ಸರಿಹೊಂದಲಿಲ್ಲ. ದೂರವನ್ನು ಸರಿಪಡಿಸಿದರೆ ದಿಕ್ಕು 8 ಮಿನಿಟು ತಪ್ಪಿತು. ಇನ್ನೊಬ್ಬರಾಗಿದ್ದರೆ ಅಳತೆಯ ಮೇಲೆ ತಪ್ಪು ಹೊರಿಸಿ ಮುಂದೆ ಹೋಗುತ್ತಿದ್ದರು. ಟೈಕೊನ ಅಳತೆಯಲ್ಲಿ 8 ಮಿನಿಟಿನಷ್ಟು ತಪ್ಪಿರಲು ಸಾಧ್ಯವಿಲ್ಲ ಎಂದು ಕೆಪ್ಲರ್ ತಮ್ಮ ಲೆಕ್ಕವನ್ನೇ ಬಿಸುಟರು. ಆದರೆ ಗಮನಿಸಿ, 8 ಮಿನಿಟು ಕಂಡೊಡನೆ ದೀರ್ಘವೃತ್ತ ಹೊಳೆಯಲಿಲ್ಲ. ಅದಕ್ಕೆ ಇನ್ನೂ ಕೆಲವು ವರ್ಷ ಹಿಡಿಯಿತು.

ಮೊದಲು ಅವರು ನಾವು ನಿಂತಿರುವ ನೆಲವನ್ನೇ ಅಳೆದರು. ಮಂಗಳ 687 ದಿನಕ್ಕೊಮ್ಮೆ ತನ್ನ ಕಕ್ಷೆಯ ಅದೇ ಜಾಗಕ್ಕೆ ಬರುತ್ತಾನೆ. ಭೂಮಿಗೆ ಎರಡು ಸುತ್ತು ಪೂರೈಸಲು ಆಗ ಇನ್ನೂ ಸುಮಾರು 43 ದಿನ ಬಾಕಿ. ಆದ್ದರಿಂದ 687 ದಿನಗಳ ಅಂತರದ ವೀಕ್ಷಣೆಗಳನ್ನು ಆರಿಸಿಕೊಂಡರೆ ಮಂಗಳ ನೆಟ್ಟ ಕಂಬವಾಗುತ್ತಾನೆ, ಭೂಮಿ ಬೇರೆ ಬೇರೆ ಕಡೆಯಿಂದ ಅವನನ್ನು ನೋಡುತ್ತದೆ. ಭೂಮಿಯ ಕಕ್ಷೆ ಹೀಗೆ ಸಿಕ್ಕಿತು. ಅದೇ ಉಪಾಯವನ್ನು ತಿರುಗಿಸಿದಾಗ ಮಂಗಳನ ದೂರಗಳೂ ಸಿಕ್ಕವು. ಗ್ರಹ ಸಮಾನ ಕಾಲದಲ್ಲಿ ಸಮಾನ ವಿಸ್ತೀರ್ಣ ಗುಡಿಸುತ್ತದೆ ಎಂಬ ನಿಯಮವೂ ಈ ಹಂತದಲ್ಲೇ ಬಂತು. ನಾವು ಎರಡನೆಯದು ಎನ್ನುವ ಈ ನಿಯಮ, ಕಕ್ಷೆ ದೀರ್ಘವೃತ್ತ ಎನ್ನುವ ಮೊದಲನೆಯದಕ್ಕಿಂತ ಮುಂಚೆ ಹುಟ್ಟಿದ್ದು.

ಆ ನಿಯಮವನ್ನು ವೃತ್ತಕ್ಕೆ ಹಚ್ಚಿದರೆ ಮತ್ತೆ 8 ಮಿನಿಟು ತಪ್ಪು. ಕೋಳಿಮೊಟ್ಟೆಯ ಆಕಾರ ಇಟ್ಟು ನೋಡಿದರು, ಹೆಚ್ಚುಕಡಿಮೆ ಅಷ್ಟೇ ತಪ್ಪು, ಆದರೆ ಎದುರು ದಿಕ್ಕಿಗೆ. ತಮಾಷೆಯೆಂದರೆ, ಮೊಟ್ಟೆಯ ವಿಸ್ತೀರ್ಣ ಲೆಕ್ಕ ಹಾಕುವುದು ಕಷ್ಟವೆಂದು ಸುಲಭಕ್ಕೆ ದೀರ್ಘವೃತ್ತವನ್ನೇ ಬಳಸುತ್ತಿದ್ದರು! ಉತ್ತರ ಕೈಯಲ್ಲೇ ಇತ್ತು, ಕಾಣಲಿಲ್ಲ. ಕೊನೆಗೆ ಕಕ್ಷೆ ವೃತ್ತದಿಂದ ಒಳಕ್ಕೆ ಸರಿದಿರುವುದು ತ್ರಿಜ್ಯದ 0.00429 ಪಾಲು ಎಂದು ಬಂತು. ಮಂಗಳನಿಂದ ನೋಡಿದಾಗ ಸೂರ್ಯನಿಗೂ ಕಕ್ಷೆಯ ನಡುಬಿಂದುವಿಗೂ ಬೀಳುವ ಗರಿಷ್ಠ ಕೋನ 5 ಡಿಗ್ರಿ 18 ಮಿನಿಟು. ಅದರ ಸೀಕೆಂಟ್ (1ನ್ನು ಆ ಕೋನದ ಕೊಸೈನಿನಿಂದ ಭಾಗಿಸಿದರೆ ಬರುವುದು) 1.00429. ಇದರಲ್ಲಿ 1ರ ಮೇಲಿನ ಪಾಲು ಮೊದಲಿನ ಅಂಕಿಯೇ ಎಂದು ಕಂಡಾಗ ನಿದ್ದೆಯಿಂದ ಎಚ್ಚೆತ್ತಂತಾಯಿತು ಎಂದು ಅವರೇ ಬರೆದಿದ್ದಾರೆ. 1605ರಲ್ಲಿ ದೀರ್ಘವೃತ್ತ ಕೈಗೆ ಹತ್ತಿತು, 1609ರಲ್ಲಿ ಪುಸ್ತಕ ಬಂತು. ಕಾಲ ಮತ್ತು ದೂರದ ನಂಟು ಹೇಳುವ ಮೂರನೆಯ ನಿಯಮ 1618ರದು.

‘ಇನ್ನೊಂದು ನಾಭಿಯಲ್ಲಿ ಏನಿದೆ?’ ಎಂದು ಪ್ರತಿ ಸಭೆಯಲ್ಲೂ ಒಬ್ಬರು ಕೇಳುತ್ತಾರೆ. ಕೇಳುವವರನ್ನು ಕಂಡರೆ ನನಗೆ ಖುಷಿ. ಅಲ್ಲಿ ಏನೂ ಇಲ್ಲ. ಆದರೆ ಅಲ್ಲಿ ನಿಂತು ನೋಡಿದರೆ ಗ್ರಹ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಿರುಗುವಂತೆ ಕಾಣುತ್ತದೆ. ಪ್ರಾಚೀನ ಗ್ರೀಕ್ ಖಗೋಳಜ್ಞ ಟಾಲೆಮಿ ತನ್ನ ಲೆಕ್ಕದಲ್ಲಿ ಇಟ್ಟುಕೊಂಡಿದ್ದ ‘ಸಮವೇಗದ ಬಿಂದು’ ಬೀಳುವುದು ಅಲ್ಲೇ. ಹಳೆಯ ಲೆಕ್ಕಗಳು ಸಾವಿರಕ್ಕೂ ಹೆಚ್ಚು ವರ್ಷ ಬಾಳಿದ್ದು ಸುಮ್ಮನೆ ಅಲ್ಲ.

ವೇಗದ ಏರುಪೇರು ನೋಡಲು ಪಂಚಾಂಗ ತೆರೆದರೂ ಸಾಕು. ಭೂಮಿ ಜನವರಿಯಲ್ಲಿ ಸೆಕೆಂಡಿಗೆ 30.3 ಕಿ.ಮೀ., ಜುಲೈಯಲ್ಲಿ 29.3 ಕಿ.ಮೀ. ಓಡುತ್ತದೆ. ಅದಕ್ಕೇ ಸೂರ್ಯ ಧನುರ್ಮಾಸವನ್ನು 29 ದಿನ ಚಿಲ್ಲರೆಯಲ್ಲಿ ದಾಟಿದರೆ ಮಿಥುನ ಮಾಸಕ್ಕೆ ಮೂವತ್ತೊಂದೂವರೆ ದಿನ ತೆಗೆದುಕೊಳ್ಳುತ್ತಾನೆ. ಚಾಂದ್ರಮಾಸ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ. ಸಂಕ್ರಮಣವೇ ಇಲ್ಲದ ಚಾಂದ್ರಮಾಸ ಬೀಳಲು ಸೌರಮಾಸ ಉದ್ದವಿರಬೇಕು. ಅಧಿಕಮಾಸ ಹೆಚ್ಚಾಗಿ ಚೈತ್ರದಿಂದ ಆಶ್ವಯುಜದವರೆಗಿನ ತಿಂಗಳುಗಳಲ್ಲೇ ಬರುವುದು ಇದಕ್ಕೇ. ಅಪರೂಪದ ಕ್ಷಯಮಾಸ ಚಳಿಗಾಲದಲ್ಲಿ ಬರುವುದಕ್ಕೂ ಇದೇ ಕಾರಣ.

ನಿಜವಾಗಿಯೂ ಉದ್ದನೆಯ ದೀರ್ಘವೃತ್ತವನ್ನೇ ತೋರಿಸಬೇಕೆಂದರೆ ಗ್ರಹಗಳನ್ನು ಬಿಟ್ಟು ಮಂಗಳಯಾನ ನೌಕೆಯ ಕಕ್ಷೆ ಬರೆಸಿ. 2014ರ ಸೆಪ್ಟೆಂಬರ್ 24ರಂದು ಅದು ಸೇರಿದ ಕಕ್ಷೆ ಮಂಗಳದ ನೆಲದಿಂದ ಹತ್ತಿರದಲ್ಲಿ ಸುಮಾರು 422 ಕಿ.ಮೀ., ದೂರದಲ್ಲಿ ಸುಮಾರು 77,000 ಕಿ.ಮೀ. ನಾಭಿಯಿಂದ ಅಳೆಯುವಾಗ ಮಂಗಳದ ತ್ರಿಜ್ಯ 3,396 ಕಿ.ಮೀ. ಕೂಡಿಸಬೇಕು, ಮಕ್ಕಳು ಎಡವುವುದು ಇಲ್ಲೇ. ಕೂಡಿಸಿದರೆ ಉತ್ಕೇಂದ್ರತೆ 0.91. ನಮ್ಮ 10 ಸೆಂ.ಮೀ. ಲೆಕ್ಕದಲ್ಲಿ ಸೂಜಿಗಳ ಅಂತರ 18.2 ಸೆಂ.ಮೀ., ಕುಣಿಕೆ 38.2 ಸೆಂ.ಮೀ., ಗಿಡ್ಡ ಅಕ್ಷದ ಅರ್ಧ ಬರೀ 4.2 ಸೆಂ.ಮೀ. ಇಲ್ಲಿ ದಾರ ಹಿಗ್ಗಿದರೂ ಚಿಂತೆಯಿಲ್ಲ. ಇನ್ನೂ ಸಣ್ಣ ಕಕ್ಷೆಗೆ ಇಳಿಸಲು ಹೆಚ್ಚು ಇಂಧನ ಬೇಕಾಗುತ್ತಿತ್ತು. ಒಂದು ಸುತ್ತಿಗೆ ಸುಮಾರು 73 ಗಂಟೆ, ಅದರಲ್ಲಿ ಹೆಚ್ಚಿನ ಪಾಲು ದೂರದ ತುದಿಯ ಕಡೆ ನಿಧಾನದ ನಡಿಗೆ. ಇಡೀ ಮಂಗಳ ಒಂದೇ ಚೌಕಟ್ಟಿನೊಳಗೆ ಸಿಕ್ಕುವ ಚಿತ್ರವನ್ನು ಆ ನೌಕೆ ಕಕ್ಷೆ ಸೇರಿದ ವಾರದೊಳಗೇ ತೆಗೆದದ್ದು 74,500 ಕಿ.ಮೀ. ದೂರದ ಈ ಭಾಗದಿಂದ.