ತಗ್ಗು ಡಬ್ಬಿಯ ಹಾವಿಗೆ ಮೇಲಿಂದ ಇಲಿ ಹಿಡಿಯಬೇಡಿ

ಮೊನ್ನೆ ಕ್ಲಿನಿಕ್‌ಗೆ ಬಂದ ಬಾಲ್ ಪೈಥಾನ್ ಎಂಬ ಸಾಕು ಹೆಬ್ಬಾವಿನ ಮೂತಿ ತರಚಿ ಕೆಂಪಗಾಗಿತ್ತು. ಮೇಲ್ದುಟಿಯ ಅಂಚಿನಲ್ಲಿ ಒಣಗಿದ ರಕ್ತ. ಸಾಕಿದ ಹುಡುಗನ ಹೆಬ್ಬೆರಳಿಗೂ ಬ್ಯಾಂಡೇಜ್. ಇಲಿ ಕೊಡೋಣ ಅಂತ ಮುಚ್ಚಳ ತೆಗೆದ ತಕ್ಷಣ ಎಗರಿತಂತೆ. ಡಬ್ಬಿ ಎಷ್ಟು ಎತ್ತರ ಅಂತ ಕೇಳಿದೆ. ಒಂದು ಗೇಣೂ ಇಲ್ಲ.

ನಾನಿರುವ ಅಮೆರಿಕದಲ್ಲಿ ಇಂಥ ಡಬ್ಬಿಗಳು ಬಹಳ. ಡ್ರಾಯರ್‌ನಂತೆ ಒಂದರ ಮೇಲೊಂದು ಜೋಡಿಸಿದ ರ‍್ಯಾಕ್‌ಗಳಲ್ಲಿ ಸಾಕುತ್ತಾರೆ. ಹಾವಿಗೆ ಕೋಪ ಜಾಸ್ತಿ ಅಂತ ಹುಡುಗ ಅಂದುಕೊಂಡಿದ್ದ. ಪಾಪ, ಅದರ ತಪ್ಪೇನೂ ಇರಲಿಲ್ಲ.

ಈ ಹಾವಿನ ತುಟಿಯ ಮೇಲೆ ಸಾಲಾಗಿ ಸಣ್ಣ ಗುಳಿಗಳಿವೆ. ಅವು ಶಾಖ ಹಿಡಿಯುತ್ತವೆ. ಕೋಣೆಯಲ್ಲಿ ಇಲಿಯ ವಾಸನೆ ಹರಡಿದೆ, ಹಾವು ಹಸಿದಿದೆ. ಅಷ್ಟರಲ್ಲಿ ತಲೆಯ ಮೇಲೇ ಬೆಚ್ಚಗಿನದೊಂದು ಬಂತು. ಆರಿದ ಸತ್ತ ಇಲಿಗಿಂತ ನಿಮ್ಮ ಕೈಯೇ ಬಿಸಿ ಅಲ್ವಾ? ಎತ್ತರದ ಗೂಡಾದರೆ ಕೈ ದೂರವಿರುತ್ತದೆ, ನಾಲಿಗೆ ಚಾಚಿ ನೋಡಲು ಹಾವಿಗೆ ಸಮಯ ಸಿಗುತ್ತದೆ. ಇಲ್ಲಿ ಸಮಯವೂ ಇಲ್ಲ, ಜಾಗವೂ ಇಲ್ಲ. ಗುರಿ ತಪ್ಪಿದರೆ ಮೂತಿ ಪ್ಲಾಸ್ಟಿಕ್‌ಗೆ ಬಡಿಯುತ್ತದೆ. ಆ ಗಾಯಕ್ಕೆ ಸೋಂಕು ತಗುಲಿದರೆ ಬಾಯಲ್ಲಿ ಗಿಣ್ಣಿನಂಥ ಕೀವು ಕಟ್ಟುತ್ತದೆ. ವಾರಗಟ್ಟಲೆ ಚಿಕಿತ್ಸೆ ಬೇಕಾಗುತ್ತದೆ.

ಹಾಗಾಗಿ ರ‍್ಯಾಕ್‌ನ ಡಬ್ಬಿಯನ್ನು ಪೂರ್ತಿ ಎಳೆಯಬೇಡಿ. ನಾಲ್ಕು ಬೆರಳಷ್ಟು ಮುಂದೆ ತನ್ನಿ, ಹಾವಿನ ತಲೆ ಎಲ್ಲಿದೆ ನೋಡಿ. ಒಂದಡಿಗಿಂತ ಉದ್ದದ ಇಕ್ಕಳದಲ್ಲಿ ಇಲಿಯ ಬೆನ್ನು ಹಿಡಿದು, ನೆಲಕ್ಕೆ ತಾಗಿದಂತೆ ಎದುರಿನಿಂದ ನಿಧಾನ ಸರಿಸಿ. ಇಲಿ ಹಾವಿನ ಅತಿ ದಪ್ಪ ಭಾಗದಷ್ಟಿದ್ದರೆ ಸಾಕು. ಹೆಪ್ಪುಗಟ್ಟಿದ ಇಲಿಯನ್ನು ಫ್ರಿಜ್‌ನಲ್ಲಿ ಕರಗಿಸಿ, ಆಮೇಲೆ ಕವರ್‌ನಲ್ಲಿಟ್ಟು ಬಿಸಿನೀರಲ್ಲಿ ಮುಳುಗಿಸಿ ಸುಮಾರು 38 ಡಿಗ್ರಿ ಸೆಲ್ಸಿಯಸ್‌ಗೆ ತನ್ನಿ. ಮೈಕ್ರೋವೇವ್ ಬೇಡ. ನಾಚಿಕೆಯ ಹಾವಾದರೆ ಅಡಗುತಾಣದ ಬಾಯಿಗೆ ಇಟ್ಟು, ದೀಪ ಆರಿಸಿ ಹೋಗಿಬಿಡಿ. ಬೆಳಿಗ್ಗೆ ಇಲಿ ಹಾಗೇ ಉಳಿದಿದ್ದರೆ ಎಸೆಯಿರಿ.

ನುಂಗಿದ ಮೇಲೆ ಹಾವು ತಲೆಯೆತ್ತಿ ದೊಡ್ಡದಾಗಿ ಆಕಳಿಸುತ್ತದೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ದವಡೆ ಸರಿಮಾಡಿಕೊಳ್ಳುತ್ತದೆ. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಿಲ್ಲ. ಆಗ ಮುಟ್ಟಬೇಡಿ, ಮುಂದಿನ 48 ಗಂಟೆಯೂ ಎತ್ತಬೇಡಿ. ವಾಂತಿ ಮಾಡಿಕೊಳ್ಳಬಹುದು. ಊಟಕ್ಕೆಂದೇ ಬೇರೆ ಡಬ್ಬಿಗೆ ಹಾಕುವ ಹಳೇ ಪದ್ಧತಿಯನ್ನು ನಾನು ಒಪ್ಪದಿರುವುದೂ ಇದಕ್ಕೇ. ಉಂಡ ಹಾವನ್ನು ಮತ್ತೆ ಎತ್ತಲೇಬೇಕಾಗುತ್ತದಲ್ಲ.

ಮರಿಗೆ ತಗ್ಗು ಡಬ್ಬಿ ಸರಿ. ಇಕ್ಕಟ್ಟಿನಲ್ಲಿ ಮರಿಗೆ ಧೈರ್ಯ ಬರುತ್ತದೆ, ಚೆನ್ನಾಗಿ ತಿನ್ನುತ್ತದೆ. ಜೀವನಪೂರ್ತಿ ಮಾತ್ರ ಬೇಡ. ಬಾಲ್ ಪೈಥಾನ್ ಮರ ಹತ್ತುವ ಹಾವು ಕೂಡ. ಮೈ ಪೂರ್ತಿ ಚಾಚಲು, ಕೊಂಬೆ ಏರಲು ಅದಕ್ಕೆ ಜಾಗ ಕೊಡಿ.

ಊರಲ್ಲಿ, ಅಂದರೆ ಭಾರತದಲ್ಲಿ, ಇದನ್ನು ಓದುತ್ತಿರುವವರಿಗೆ ಒಂದು ಮಾತು. ನಮ್ಮ ಕಾಡುಹೊಲದ ಹಾವುಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಬಾಲ್ ಪೈಥಾನ್‌ನಂಥ ಹೊರದೇಶದ ಹಾವಿಗೂ ನೋಂದಣಿ ಬೇಕು.

ಆ ಹುಡುಗನಿಗೆ ಮೂತಿ ಮಾಯುವವರೆಗೆ ಊಟ ಕೊಡಬೇಡ ಎಂದಿದ್ದೇನೆ. ಎರಡು ವಾರ ಉಪವಾಸವಿದ್ದರೆ ದೊಡ್ಡ ಹಾವಿಗೆ ಏನೂ ಆಗುವುದಿಲ್ಲ. ಹುಡುಗನೇ ಒದ್ದಾಡುತ್ತಿದ್ದಾನೆ, ದಿನಾ ಫೋಟೋ ಕಳಿಸುತ್ತಾನೆ.